ಊರು ಇಟ್ಟ ಹೆಸರು, ತಾನು ಕಂಡುಕೊಂಡ ಹೆಸರು

ಹಳ್ಳಿಯ ಮಗುವಿಗೆ ಸಾಮಾನ್ಯವಾಗಿ ಎರಡು ಹೆಸರು. ತೊಟ್ಟಿಲಲ್ಲಿ ಇಟ್ಟದ್ದು ಒಂದು, ಬೀದಿ ಇಟ್ಟದ್ದು ಇನ್ನೊಂದು. ಕಾಲೆಳೆದು ನಡೆಯುವ ಹುಡುಗ ಊರಿಗೆಲ್ಲ ‘ಕುಂಟ’, ಕಿವಿ ಕೇಳದ ಹುಡುಗಿ ‘ಕೆಪ್ಪಿ’. ಸಂತೆಮರಹಳ್ಳಿಯಾದರೂ ಅಷ್ಟೆ, ಇನ್ನೊಂದು ಊರಾದರೂ ಅಷ್ಟೆ. ಕೂಗುವವರಿಗೆ ಕೆಟ್ಟ ಮನಸ್ಸು ಇರಲಿಕ್ಕಿಲ್ಲ. ಆದರೆ ಹತ್ತು ವರ್ಷ ಹಾಗೆ ಕೂಗಿಸಿಕೊಂಡ ಮಗು, ತಾನೆಂದರೆ ಆ ಕಾಲೇ, ಆ ಕಿವಿಯೇ ಎಂದು ನಂಬಿಬಿಡುತ್ತದೆ.

ಸರ್ಕಾರಿ ಕಾಗದಗಳಲ್ಲಿ ಅಂಗವಿಕಲ, ವಿಕಲಚೇತನ, ದಿವ್ಯಾಂಗ ಎಂದು ಪದ ಬದಲಾಗುತ್ತ ಬಂದಿದೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಇಂಥವರು 2.68 ಕೋಟಿ. ಈ ಪದಗಳನ್ನೆಲ್ಲ ಆರಿಸಿದವರು ಬೇರೆಯವರೇ. ‘ನಾನು ಯಾರು’ ಎಂಬುದನ್ನು ಆ ಮಗುವೇ ಹುಡುಕಿಕೊಳ್ಳಲು ದಾರಿ ಇಲ್ಲವೆ?

ಗದಗಿನಲ್ಲಿ ಅಂಥ ಒಂದು ದಾರಿ ತೆರೆಯಿತು. ಪಂಚಾಕ್ಷರಿ ಗವಾಯಿಗಳು (1892–1944) ಕಣ್ಣಿಲ್ಲದವರು. ಅವರು ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಅನ್ನವಿಟ್ಟು ಸಂಗೀತ ಕಲಿಸಿದರು. ಕಣ್ಣಿದ್ದ ಬಸವರಾಜ ರಾಜಗುರು ಅವರೂ ಕುಳಿತು ಕಲಿತದ್ದು ಇದೇ ಗುರುವಿನ ಮುಂದೆ. ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಎಳವೆಯಲ್ಲೇ ದೃಷ್ಟಿ ಕಳೆದುಕೊಂಡವರು. ಹಲವು ವಾದ್ಯ ನುಡಿಸಿದರು, ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಬರೆದರು, ನಾಟಕ ಕಂಪನಿ ನಡೆಸಿದರು. 2010ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು. ಊರು ಇಡಬಹುದಾಗಿದ್ದ ಹೆಸರಿನ ಜಾಗದಲ್ಲಿ ‘ಗವಾಯಿ’ ಎಂಬ ಹೆಸರು ಬಂದು ಕುಳಿತಿತು.

ಶಾಂತಿನಿಕೇತನದ ಚಿತ್ರಕಾರ ವಿನೋದ ಬಿಹಾರಿ ಮುಖರ್ಜಿ (1904–1980) ಅವರದು ಇನ್ನೊಂದು ಬಗೆ. ಚಿಕ್ಕಂದಿನಿಂದಲೂ ಅವರ ದೃಷ್ಟಿ ಬಹಳ ಮಂದ. 1950ರ ದಶಕದಲ್ಲಿ ಶಸ್ತ್ರಚಿಕಿತ್ಸೆಯ ನಂತರ ಅದೂ ಹೋಯಿತು. ಆಗ ಅವರು ಕಾಗದ ಕತ್ತರಿಸಿ ಅಂಟಿಸಿ ಚಿತ್ರ ಮಾಡಿದರು, ಗೋಡೆಗೆ ಹೆಂಚಿನ ಬಿಲ್ಲೆಗಳ ಚಿತ್ರ ರಚಿಸಿದರು. ಅಷ್ಟಕ್ಕೇ ನಿಲ್ಲದೆ, ಕುರುಡುತನ ಎಂದರೆ ಒಳಗಿನಿಂದ ಹೇಗಿರುತ್ತದೆ ಎಂದು ತಮ್ಮನ್ನೇ ಪರೀಕ್ಷಿಸಿಕೊಂಡು ಬಂಗಾಳಿಯಲ್ಲಿ ಬರೆದರು. ಅವರ ಶಿಷ್ಯ ಸತ್ಯಜಿತ್ ರೇ 1972ರಲ್ಲಿ ಅವರ ಮೇಲೆ ‘ದಿ ಇನ್ನರ್ ಐ’ ಎಂಬ ಸಾಕ್ಷ್ಯಚಿತ್ರ ತೆಗೆದರು.

ವಿಜ್ಞಾನವೂ ಇದನ್ನು ಗಮನಿಸಿದೆ. ತುರ್ಕಿಯ ಎಶ್ರೆಫ್ ಅರ್ಮಗಾನ್ ಹುಟ್ಟುಗುರುಡ ಚಿತ್ರಕಾರ. ವಸ್ತುವನ್ನು ಮುಟ್ಟಿ ನೋಡಿ ಚಿತ್ರ ಬರೆಯುವಾಗ ಅವರ ಮೆದುಳನ್ನು ಸ್ಕ್ಯಾನ್ ಮಾಡಲಾಯಿತು. ಕಣ್ಣಿನ ಕೆಲಸಕ್ಕೆ ಮೀಸಲು ಎಂದುಕೊಂಡಿದ್ದ ಹಿಂಭಾಗವೂ ಚುರುಕಾಗಿ ಕೆಲಸ ಮಾಡುತ್ತಿತ್ತು. ಈ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಕಣ್ಣಿನಿಂದ ಸುದ್ದಿ ಬಾರದಿದ್ದರೆ ಮೆದುಳಿನ ಆ ಭಾಗ ಬೆರಳಿನ ಸುದ್ದಿಯನ್ನೂ ಓದಬಲ್ಲದು ಎಂದಾಯಿತು.

ಎಲ್ಲ ಮಕ್ಕಳೂ ಗವಾಯಿಗಳಾಗಲಾರರು, ಆಗಬೇಕಾಗಿಯೂ ಇಲ್ಲ. ಆದರೆ ತನ್ನನ್ನು ತಾನೇ ಅಭ್ಯಾಸ ಮಾಡುವುದು ಯಾವ ಮಗುವಿಗಾದರೂ ಸಾಧ್ಯ. ಮನೆಯಿಂದ ಶಾಲೆಗೆ ಹೋಗುವ ದಾರಿಯ ನಕ್ಷೆಯನ್ನು ಬರೆಯಲು ಹೇಳಿ. ಊರುಗೋಲಿನ ಹುಡುಗನ ನಕ್ಷೆಯಲ್ಲಿ ಬಸ್ಸಿನ ಎತ್ತರದ ಮೆಟ್ಟಿಲು, ಚರಂಡಿಯ ಕಲ್ಲು, ಸಂತೆಯ ನೂಕುನುಗ್ಗಲು ದೊಡ್ಡದಾಗಿ ಕಾಣುತ್ತವೆ. ಕಣ್ಣು ಕಾಣದ ಮಗು ರಟ್ಟಿನ ಮೇಲೆ ದಾರ, ಹುಣಸೆಬೀಜ, ರಾಗಿ ಅಂಟಿಸಿ ಬೆರಳಿಗೆ ಸಿಗುವ ನಕ್ಷೆ ಮಾಡಲಿ. ಪ್ರತಿ ವಾರ ಒಂದು ಪುಟ. ಪಕ್ಕದಲ್ಲಿ ಎರಡು ಸಾಲು: ಎಲ್ಲಿ ಕಷ್ಟವಾಯಿತು, ಎಲ್ಲಿ ಸಂತೋಷವಾಯಿತು, ಏಕೆ. ಗಮನಿಸುವುದು, ದಾಖಲಿಸುವುದು, ಪ್ರಶ್ನಿಸುವುದು—ಪ್ರಯೋಗಶಾಲೆಯ ಕ್ರಮವೂ ಇದೇ.

ತಂದೆ ತಾಯಿಗಳು ಒಂದೆರಡು ಮಾತು ನೆನಪಿಟ್ಟರೆ ಸಾಕು. ಮಗುವಿನ ಕೈಯ ಕುಂಚವನ್ನು ನೀವು ಹಿಡಿಯಬೇಡಿ. ‘ಪಾಪ, ಇಷ್ಟಾದರೂ ಮಾಡಿತಲ್ಲ’ ಎಂದು ನೆಂಟರೆದುರು ಹೊಗಳಬೇಡಿ. ತೋರಿಸುವುದಿಲ್ಲ ಎಂದರೆ ಬಲವಂತ ಬೇಡ. ತೋರಿಸಿದರೆ ಆ ನಕ್ಷೆಯನ್ನು ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಇಡಿ. 6ರಿಂದ 18 ವರ್ಷದೊಳಗಿನ, ಶೇ. 40ಕ್ಕೆ ಕಡಿಮೆಯಿಲ್ಲದ ಅಂಗವಿಕಲತೆಯುಳ್ಳ ಮಗುವಿಗೆ ನೆರೆಯ ಶಾಲೆಯಲ್ಲಿ ಉಚಿತ ಶಿಕ್ಷಣ 2016ರ ಕಾಯಿದೆ ಕೊಟ್ಟ ಹಕ್ಕು. ಶಾಲೆಯ ಬಾಗಿಲಿಗೆ ಇಳಿಜಾರು ಎಲ್ಲಿ ಬೇಕು ಎಂಬುದನ್ನು ಆ ನಕ್ಷೆಗಿಂತ ಚೆನ್ನಾಗಿ ಯಾವ ಇಂಜಿನಿಯರೂ ಹೇಳಲಾರ.

ನಕ್ಷೆಯ ಕೆಳಗೆ ಮಗು ತನ್ನ ಹೆಸರು ಬರೆಯುತ್ತದೆ. ಅದು ತೊಟ್ಟಿಲಲ್ಲಿ ಇಟ್ಟ ಹೆಸರು. ಇನ್ನು ಮೇಲೆ ಬೀದಿಯೂ ಅದೇ ಹೆಸರಿನಿಂದ ಕರೆಯಲಿ.