ಕಾರಿನ ಬಟ್ಟೆಗೂ ಬೇಕು ಆರೈಕೆ



ಕಬ್ಬಿನ ಹಂಗಾಮು ಬಂತೆಂದರೆ ಸಮೀರವಾಡಿಯ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳದೇ ಸಾಲು. ಎದ್ದ ಧೂಳು ಅಂಗಳದ ಕಾರಿನ ಮೇಲೂ ಕೂರುತ್ತದೆ. ಅದನ್ನು ಒರೆಸುವವರು ಗಂಡಸರಾದರೂ, ಒರೆಸಿದ ಮೈಕ್ರೋಫೈಬರ್ ಬಟ್ಟೆ ಕೊನೆಗೆ ಬರುವುದು ನಮ್ಮ ಬಕೆಟ್ಟಿಗೇ. ಬಾಡಿಗೆ ಕಾರಿನಿಂದಲೇ ರೊಟ್ಟಿ ಕಾಣುವ ಮನೆಗೆ, ಬಟ್ಟೆಯಲ್ಲಿ ಉಳಿದ ಮರಳಿನ ಕಣ ಎಳೆಯುವ ಗೀರು ದುಬಾರಿಯೇ ಸರಿ.

ಈ ಬಟ್ಟೆ ಹತ್ತಿಯದಲ್ಲ. ಪಾಲಿಯೆಸ್ಟರ್ ಮತ್ತು ನೈಲಾನ್ ಜಾತಿಯ, ಕೂದಲಿಗಿಂತ ಎಷ್ಟೋ ತೆಳುವಾದ ಎಳೆಗಳದ್ದು. ಆ ಎಳೆಗಳ ಸಂದಿಯಲ್ಲಿ ಕೊಳೆ ಸಿಕ್ಕಿಕೊಳ್ಳುತ್ತದೆ.

ಆದ್ದರಿಂದ ಮೊದಲು ಚೆನ್ನಾಗಿ ಕೊಡವಿ, ನೀರಿನಲ್ಲಿ ನೆನೆಸಿಡಿ. ಹತ್ತಿ ಬಟ್ಟೆಗಳೊಂದಿಗೆ ಒಗೆಯಬೇಡಿ, ಹತ್ತಿಯ ನಾರು ಅಂಟಿಕೊಳ್ಳುತ್ತದೆ. ಒಗೆಯುವ ಕಲ್ಲಿಗೆ ಬಡಿಯುವುದೂ ಬೇಡ. 40 ಡಿಗ್ರಿ ಮೀರದ ಉಗುರುಬೆಚ್ಚಗಿನ ನೀರು, ಸ್ವಲ್ಪ ದ್ರವ ಸೋಪು ಸಾಕು. ಸೋಪು ಪೂರ್ತಿ ಹೋಗುವವರೆಗೆ ಜಾಲಿಸಿ. ಬ್ಲೀಚ್ ಎಳೆಗಳನ್ನು ಹಾಳುಮಾಡುತ್ತದೆ. ಬಟ್ಟೆ ಮೆತ್ತಗಾಗಲೆಂದು ಹಾಕುವ ಸುವಾಸನೆಯ ದ್ರವ ಎಳೆಗಳಿಗೆ ಲೇಪವಾಗಿ, ನೀರು ಹೀರುವ ಗುಣವನ್ನೇ ಕೆಡಿಸುತ್ತದೆ. ಇಸ್ತ್ರಿಯ ಶಾಖಕ್ಕೆ ಎಳೆಗಳು ಕರಗಿ ಗಡುಸಾಗುತ್ತವೆ. ಧೂಳಿಲ್ಲದ ನೆರಳಿನಲ್ಲಿ ಒಣಗಿಸಿ, ಮುಚ್ಚಳವಿರುವ ಡಬ್ಬಿಯಲ್ಲಿಡಿ.

ಕಾರಿನ ಮೈಗೆ, ಗಾಜಿಗೆ, ಚಕ್ರಕ್ಕೆ ಬೇರೆ ಬೇರೆ ಬಣ್ಣದ ಬಟ್ಟೆಗಳಿರಲಿ. ನೆಲಕ್ಕೆ ಬಿದ್ದದ್ದನ್ನು ಒಗೆಯದೆ ಕಾರಿಗೆ ಮುಟ್ಟಿಸಬಾರದೆಂದು ಮಕ್ಕಳಿಗೂ ಹೇಳಿ. ಮೈ ಒರೆಸಿ ಹಳತಾದದ್ದನ್ನು ಎಸೆಯದೆ ಚಕ್ರಕ್ಕೆ ಬಳಸಿ. ದುಂದು ಮಾಡಬೇಡಿರೆಂಬ ಕುರ್‌ಆನಿನ ಬೋಧನೆ ಊಟದ ತಟ್ಟೆಗಷ್ಟೇ ಅಲ್ಲ, ಒರೆಸುವ ಬಟ್ಟೆಗೂ ಸಲ್ಲುತ್ತದೆಯಲ್ಲವೇ?