ಪಾದ್ರಿಗಳ ಕೈಯ ಕನ್ನಡ ಪುಸ್ತಕ

ಕನ್ನಡ ಲಿಪಿಯಲ್ಲಿ ಅಚ್ಚಾದದ್ದೆಲ್ಲ ಕನ್ನಡವಾಗುವುದಿಲ್ಲ. ಸರ್ಕಾರದ ಸುತ್ತೋಲೆಗಳ ವಿಷಯದಲ್ಲಿ ಈ ಮಾತನ್ನು ಎಲ್ಲರೂ ಒಪ್ಪುತ್ತಾರೆ. ಪಠ್ಯಪುಸ್ತಕಗಳ ವಿಷಯದಲ್ಲಿ ಹಲವರು ಒಪ್ಪುತ್ತಾರೆ. ನಾನಿಂದು ಹೇಳಹೊರಟಿರುವುದು ಸಾಹಿತ್ಯದ ಪುಟಗಳು ಲೆಕ್ಕಕ್ಕೇ ತೆಗೆದುಕೊಳ್ಳದ ಇನ್ನೊಂದು ಪುಸ್ತಕರಾಶಿಯ ವಿಷಯ. ಕ್ರೈಸ್ತ ಸಭೆಗಳ ಪಾಲಕರಿಗೆ, ಉಪದೇಶಿಗಳಿಗೆ, ಹಿರಿಯರಿಗೆ ಎಂದು ಕನ್ನಡದಲ್ಲಿ ಹೊರಡುವ ಕೈಪಿಡಿಗಳವು. ನಾನು ಓದಿದವುಗಳಲ್ಲಿ ಹೆಚ್ಚಿನವು ಕನ್ನಡದ ಅಂಗಿ ತೊಟ್ಟ ಇಂಗ್ಲಿಷು.

"ನೀವು ಕ್ರೈಸ್ತರಲ್ಲವಲ್ಲ, ನಿಮಗೇಕೆ ಈ ಉಸಾಬರಿ?" ಎಂದು ಕೆಲವರು ಕೇಳಿಯಾರು. ನಾನು ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಸೀಮೆಯ ಮಕ್ಕಳಿಗೆ ಕನ್ನಡ ಪಾಠ ಹೇಳುವವನು. ಕನ್ನಡವನ್ನು ಯಾರು ಎಲ್ಲಿ ಹೇಗೆ ಆಡುತ್ತಾರೆಂಬುದು ನನ್ನ ಕಸುಬಿಗೆ ಸೇರಿದ ವಿಷಯ. ಅದೂ ಅಲ್ಲದೆ ಸಭಾಪಾಲಕನ ಮಾತು ಪುಸ್ತಕದ ಬೀರುವಿನಲ್ಲಿ ಉಳಿಯುವ ಮಾತಲ್ಲ. ಮಗು ಹುಟ್ಟಿದ ಮನೆಯಲ್ಲಿ, ಮದುವೆಯ ಚಪ್ಪರದಲ್ಲಿ, ಹೆಣದ ಮುಂದೆ ಅವನು ಮಾತನಾಡಬೇಕು. ಆ ಹೊತ್ತಿನಲ್ಲಿ ಅವನ ಬಾಯಿಗೆ ಬರುವುದು ತಾನು ಓದಿದ ಪುಸ್ತಕದ ಮಾತೇ.

ಪರಿಚಯದ ಸಭಾಪಾಲಕರೊಬ್ಬರು ಇಂಥದೊಂದು ಪುಸ್ತಕದ ಕರಡನ್ನು ತಿದ್ದಿಕೊಡಿ ಎಂದು ನನ್ನಲ್ಲಿಗೆ ತಂದಿದ್ದರು. "ಕರ್ತನು ನಿನ್ನ ಹೃದಯದ ಮೇಲೆ ಒಂದು ಭಾರವನ್ನು ಇರಿಸಿದ್ದಾನೆಯೇ?" ಎಂದು ಅದರಲ್ಲೊಂದು ಪ್ರಶ್ನೆ. ನಮ್ಮ ಕಡೆ ಎದೆ ಭಾರವಾಯಿತೆಂದರೆ ದುಃಖ ಉಕ್ಕಿತೆಂದು ಅರ್ಥ. ಗ್ರಂಥಕರ್ತನ ಅಭಿಪ್ರಾಯ ಅದಲ್ಲ; ಜನರ ಕಷ್ಟಕ್ಕಾಗಿ ನಿನ್ನ ಮನಸ್ಸು ಮಿಡಿಯುತ್ತಿದೆಯೇ ಎಂದು ಅವನು ಕೇಳಬೇಕಾಗಿತ್ತು. ಇನ್ನೊಂದೆಡೆ "ಹಳ್ಳಿಯಲ್ಲಿ ಸಭೆಯನ್ನು ನೆಡುವ ವಿಧಾನ". ಕಾಲುವೆ ಬಯಲಿನ ರೈತ ನೆಡುವುದು ಪೈರನ್ನು, ತೆಂಗಿನ ಸಸಿಯನ್ನು. ಮನುಷ್ಯರ ಕೂಟವನ್ನು ಅವನು ಕಟ್ಟುತ್ತಾನೆ. ಮತ್ತೊಂದೆಡೆ "ಕುಟುಂಬದೊಂದಿಗೆ ಗುಣಮಟ್ಟದ ಸಮಯವನ್ನು ಖರ್ಚುಮಾಡು" ಎಂಬ ಉಪದೇಶ! ಹೆಂಡತಿ ಮಕ್ಕಳೊಡನೆ ನಾಲ್ಕು ಗಳಿಗೆ ಕೂತು ಮಾತಾಡಪ್ಪ ಎಂದರೆ ಆ ಗ್ರಂಥಕರ್ತನ ಗಂಟೇನು ಹೋಗುತ್ತಿತ್ತು? ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಇಲ್ಲಿ ತುಸು ತಿರುಗಿಸಬೇಕಾದೀತು: ಪೂಜಾರಿ ಕೊಡಲು ಸಿದ್ಧನಿದ್ದಾನೆ, ಅನುವಾದಕ ಕೊಡಗೊಡುವುದಿಲ್ಲ.

ಈ ದೋಷ ಕ್ರೈಸ್ತಧರ್ಮ ಹೊರಗಿನಿಂದ ಬಂದದ್ದರ ಫಲವೆಂದು ಕೆಲವರು ಕೈತೊಳೆದುಕೊಳ್ಳುತ್ತಾರೆ. ಚರಿತ್ರೆ ಹಾಗೆ ಹೇಳುವುದಿಲ್ಲ. 17ನೆಯ ಶತಮಾನದ ನಡುಗಾಲದಲ್ಲಿ, ಕಂಠೀರವ ನರಸರಾಜ ಒಡೆಯರು ಆಳುತ್ತಿದ್ದಾಗ, ಲಿಯೊನಾರ್ಡೊ ಚಿನ್ನಮಿ ಎಂಬ ಇಟಲಿಯ ಜೆಸುಯಿಟ್ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದರು. ಬಂದವರು ಮೊದಲು ಮಾಡಿದ ಕೆಲಸಗಳಲ್ಲಿ ಕನ್ನಡ ಕಲಿತದ್ದೂ ಒಂದು. ಕನ್ನಡಕ್ಕೆ ವ್ಯಾಕರಣ, ಶಬ್ದಕೋಶಗಳನ್ನು ಬರೆದರು. ಧರ್ಮೋಪದೇಶದ ಪುಸ್ತಕವನ್ನೂ ಸಂತರ ಚರಿತ್ರೆಗಳನ್ನೂ ಕನ್ನಡದಲ್ಲಿ ರಚಿಸಿದರು. ವ್ಯಾಕರಣ, ಕೋಶಗಳನ್ನು ಬರೆಯುವಷ್ಟು ಭಾಷೆಯನ್ನು ವಶಮಾಡಿಕೊಂಡ ಮೇಲೆ ಉಪದೇಶ. ಇಂದು ಈ ಕ್ರಮ ತಲೆಕೆಳಗಾಗಿದೆ.

ಅದೇ ಊರಿನ ಇನ್ನೊಬ್ಬ ಪಾದ್ರಿಯನ್ನು ಇಲ್ಲಿ ನೆನೆಯಬೇಕು. 1799ರಲ್ಲಿ ಟಿಪ್ಪು ಮಡಿದ ಮೇಲೆ ಅಬ್ಬೆ ದುಬಾಯ್ ಶ್ರೀರಂಗಪಟ್ಟಣಕ್ಕೆ ಬಂದು ಚದುರಿಹೋಗಿದ್ದ ಕ್ರೈಸ್ತರನ್ನು ಕೂಡಿಸಿದರು. ಗಂಜಾಮಿನ ಇಗರ್ಜಿಯನ್ನು ಇಂದಿಗೂ ಅವರ ಹೆಸರಿನಿಂದ ಕರೆಯುತ್ತಾರೆ. ಸಿಡುಬಿಗೆ ದೇವಿ ಹಾಕಿಸುವುದನ್ನು ಹರಡಿದರು, ಜನರಂತೆ ಉಟ್ಟು ಜನರ ನಡುವೆ ಬಾಳಿದರು. ಆದರೆ ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಅವರ ಪ್ರಸಿದ್ಧ ಗ್ರಂಥ ಫ್ರೆಂಚಿನಲ್ಲಿ ಹುಟ್ಟಿ, 1816ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷಾಗಿ ಹೊರಬಿತ್ತು. 1823ರಲ್ಲಿ ಭಾರತ ಬಿಟ್ಟು ಹೋದ ವರ್ಷವೇ ಪ್ರಕಟವಾದ ಪತ್ರಗಳ ಪುಸ್ತಕದಲ್ಲಿ, ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವ ಕಾಲ ಕಳೆದುಹೋಯಿತೆಂದು ಅವರು ತೀರ್ಪುಕೊಟ್ಟರು. ಬೈಬಲಿನ ದೇಶಭಾಷಾ ಅನುವಾದಗಳನ್ನು ಕಟುವಾಗಿ ಹಳಿದರು. ಆ ತೀರ್ಪಿನ ಸರಿತಪ್ಪು ಏನೇ ಇರಲಿ, ಅನುವಾದದ ಮಾತು ಕೆಟ್ಟರೆ ಧರ್ಮದ ಮರ್ಯಾದೆ ಕೆಡುತ್ತದೆಂಬ ಅವರ ಅಳಲು ಸುಳ್ಳಲ್ಲ. ಚಿನ್ನಮಿ ಬರೆದದ್ದು ನಮ್ಮವರಿಗಾಗಿ. ದುಬಾಯ್ ಬರೆದದ್ದು ನಮ್ಮವರನ್ನು ಕುರಿತು. ಇಂದಿನ ಕೈಪಿಡಿಗಳು ಇವೆರಡೂ ಅಲ್ಲ. ದೂರದೇಶದ ಯಾರಿಗೋ ಬರೆದದ್ದನ್ನು ನಮ್ಮ ಮನೆಬಾಗಿಲಿಗೆ ತಂದು ಸುರಿದಂತಿವೆ.

19ನೆಯ ಶತಮಾನದ ಮಿಶನರಿಗಳೂ ಹೊರಗಿನವರೇ. ಮೊಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿ ಕನ್ನಡಕ್ಕೆ ಮೊದಲ ಪತ್ರಿಕೆಯನ್ನು ಕೊಟ್ಟರು. ಕಿಟ್ಟೆಲ್ ಹಳಗನ್ನಡದ ಛಂದಸ್ಸು, ವ್ಯಾಕರಣಗಳನ್ನು ಶೋಧಿಸಿ ಅಚ್ಚು ಹಾಕಿಸಿದರು; ಕ್ರಿಸ್ತಚರಿತೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೇಳಿದರು; 1894ರಲ್ಲಿ ಮಹಾಕೋಶವನ್ನು ಒಪ್ಪಿಸಿದರು. ಅವರ ಬಳಿಕ ನಮ್ಮವರೇ ಆದ ಉತ್ತಂಗಿ ಚನ್ನಪ್ಪನವರು ಸಭಾಪಾಲಕರಾಗಿದ್ದುಕೊಂಡೇ ಊರೂರು ಸುತ್ತಿ ಸರ್ವಜ್ಞನ ವಚನಗಳನ್ನು ಸಂಗ್ರಹಿಸಿದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನ ಅವರನ್ನು ಅಧ್ಯಕ್ಷಪೀಠದಲ್ಲಿ ಕೂರಿಸಿತು. ಸರ್ವಜ್ಞನನ್ನು ಬಲ್ಲ ಪಾದ್ರಿಗೆ ಮಾತಿನ ಬಡತನ ಬಂದೀತೆ?

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಮಾತಿನ ಸಂಪತ್ತಿಗೇನು ಕೊರತೆಯೆ? ನಾಗಮಂಗಲದ ಬೆಳ್ಳೂರಿನ ಮನೆತನದ ಬಿ. ಎಂ. ಶ್ರೀಕಂಠಯ್ಯನವರು, ನ್ಯೂಮನ್ 1833ರಲ್ಲಿ ಬರೆದ ಕ್ರೈಸ್ತ ಪ್ರಾರ್ಥನೆಯನ್ನು ಕನ್ನಡಿಸಿದರು. ಬೆಳಕನ್ನು ಕರೆಯುವ ಆ ಹಾಡನ್ನು ಹಾಡುವ ಶಾಲೆಯ ಮಕ್ಕಳಿಗೆ ಅದರ ಮೂಲ ಇಗರ್ಜಿಯದೆಂಬ ನೆನಪೇ ಇಲ್ಲ. ಅನುವಾದವೆಂದರೆ ಹಾಗಿರಬೇಕು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಹುಟ್ಟಿದ ಪು. ತಿ. ನರಸಿಂಹಾಚಾರ್ಯರ ಮನೆಮಾತು ತಮಿಳು. ಅವರ ಭಕ್ತಿ ಮಾತಾಡಿದ್ದು ಕನ್ನಡದಲ್ಲಿ. ಕೃಷ್ಣರಾಜಪೇಟೆಯ ಅಕ್ಕಿಹೆಬ್ಬಾಳಿನ ಎ. ಎನ್. ಮೂರ್ತಿರಾಯರು ತೊಂಬತ್ತು ದಾಟಿದ ವಯಸ್ಸಿನಲ್ಲಿ, 1991ರಲ್ಲಿ, 'ದೇವರು' ಎಂಬ ಪುಸ್ತಕ ಬರೆದು ದೇವರಿದ್ದಾನೆಂಬ ವಾದಗಳನ್ನೆಲ್ಲ ತಿಳಿಗನ್ನಡದಲ್ಲಿ ಒರೆಗೆ ಹಚ್ಚಿದರು. ನಾಸ್ತಿಕನ ಕನ್ನಡ ಇಷ್ಟು ಸ್ವಚ್ಛವಾಗಿರುವಾಗ ಆಸ್ತಿಕನ ಕನ್ನಡ ತೊದಲಿದರೆ ಗೆಲ್ಲುವವರು ಯಾರು? ಆ ಪುಸ್ತಕಕ್ಕೆ ಅದೇ ಮಟ್ಟದ ಕನ್ನಡದಲ್ಲಿ ಉತ್ತರ ಹೇಳಬಲ್ಲವರನ್ನು ಇಂದಿನ ಕೈಪಿಡಿಗಳು ತಯಾರು ಮಾಡಲಾರವು.

ಆಕ್ಷೇಪಣೆಗಳುಂಟು. ಓದುವವರು ಕಡಿಮೆ, ಸ್ವಂತ ಪುಸ್ತಕ ಬರೆಸುವುದು ದುಬಾರಿ ಎಂಬುದು ಮೊದಲನೆಯದು. ಅನುವಾದಕ್ಕೂ ಅಚ್ಚಿಗೂ ಹಣ ಹೇಗೂ ಹೋಗುತ್ತಿದೆ. ಅರ್ಥವಾಗದ ಪುಸ್ತಕಕ್ಕೆ ಸುರಿದ ಹಣವೇ ನಿಜವಾದ ನಷ್ಟ. ದೇವಶಾಸ್ತ್ರದ ಓದು ಇಂಗ್ಲಿಷಿನಲ್ಲೇ ನಡೆಯಬೇಕಲ್ಲ ಎಂಬುದು ಎರಡನೆಯದು. ಓದಲಿ, ಆದರೆ ವೈದ್ಯ ಯಾವ ಭಾಷೆಯಲ್ಲಿ ಓದಿದ್ದರೂ ರೋಗಿಯ ನೋವನ್ನು ರೋಗಿಯ ಭಾಷೆಯಲ್ಲೇ ಕೇಳಬೇಕು. ಕನ್ನಡ ಬೈಬಲಿನ ಶೈಲಿಯೇ ಹಾಗಿದೆ, ಅದು ನಮಗೆ ಪವಿತ್ರ ಎಂಬುದು ಮೂರನೆಯದು. ಇದನ್ನು ನಾನು ಗೌರವದಿಂದ ಕೇಳುತ್ತೇನೆ. ಬಳ್ಳಾರಿಯಲ್ಲಿ ಹ್ಯಾಂಡ್ಸ್ ಮೊದಲಾದವರು ದುಡಿದ ಕಾಲದಿಂದ ಆ ಶೈಲಿ ತಲೆಮಾರುಗಳ ನಾಲಗೆಯ ಮೇಲೆ ಸವೆದು ನುಣುಪಾಗಿದೆ. ನನ್ನ ಜಗಳ ಅದರೊಡನೆ ಅಲ್ಲ. ಕಂಪನಿಗಳ ನಿರ್ವಹಣಾಶಾಸ್ತ್ರದಿಂದ ಎರವಲು ತಂದು, ಮೇಲೆ ನಾಲ್ಕು ವೇದವಾಕ್ಯಗಳನ್ನು ಅಂಟಿಸಿದ ಭಾಷೆಗೆ ಯಾವ ಪಾವಿತ್ರ್ಯ?

ಮಾತು ಕೆಟ್ಟಿದೆ ಎಂಬುದಕ್ಕಿಂತ ದೊಡ್ಡ ದೂರು ಇನ್ನೊಂದಿದೆ: ಈ ಪುಸ್ತಕಗಳಲ್ಲಿ ನಮ್ಮ ಊರೇ ಇಲ್ಲ. 2015ರಲ್ಲಿ ಮಂಡ್ಯ ಜಿಲ್ಲೆಯ ರೈತರು ಸಾಲದ ಹೊರೆಗೆ ಒಬ್ಬರ ಹಿಂದೊಬ್ಬರು ಪ್ರಾಣ ಬಿಟ್ಟದ್ದನ್ನು ಯಾರು ಮರೆತಿದ್ದಾರೆ? ಅಂಥ ಮನೆಯ ಜಗಲಿಯ ಮೇಲೆ ಕೂತ ಪಾಲಕ ಆ ವಿಧವೆಗೆ ಏನೆನ್ನಬೇಕು? ಆತ್ಮಹತ್ಯೆ ಪಾಪವೆಂದು ಶಾಸ್ತ್ರ ಹೇಳಬೇಕೆ, ಸುಮ್ಮನೆ ಕೂರಬೇಕೆ? ಒಂದೇ ದೇವರ ಮುಂದೆ ಮಂಡಿಯೂರಿದವರು ಹೆಣ್ಣು ಕೊಡುವಾಗ ಜಾತಿ ಕೇಳಿದರೆ ಪಾಲಕ ಎಲ್ಲಿ ನಿಲ್ಲಬೇಕು? ನಾನು ಕಂಡ ಅನುವಾದಗಳಲ್ಲಿ ನಾಯಕತ್ವದ ಸೂತ್ರಗಳಿವೆ, ತಂಡ ಕಟ್ಟುವ ಉಪಾಯಗಳಿವೆ. ಜಾತಿ ಎಂಬ ಎರಡಕ್ಷರ ಮಾತ್ರ ಇಲ್ಲ. ಇರುವುದಾದರೂ ಹೇಗೆ? ಮೂಲ ಬರೆದವನಿಗೆ ಅದು ಗೊತ್ತೇ ಇರಲಿಲ್ಲ.

ರೋಮಿನ ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿಯೇ ಪೂಜಾವಿಧಿಯಲ್ಲಿ ದೇಶಭಾಷೆಗಳಿಗೆ ಬಾಗಿಲು ತೆರೆಯಿತು. ಪೀಠದ ಮೇಲೆ ಲ್ಯಾಟಿನ್ ಇಳಿದು ಕನ್ನಡ ಏರಿತು. 2010ರಲ್ಲಿ ಮಂಡ್ಯದ ಹೆಸರಿನಲ್ಲೇ ಸೀರೋ-ಮಲಬಾರ್ ಧರ್ಮಪ್ರಾಂತ್ಯವೊಂದು ಸ್ಥಾಪನೆಯಾಯಿತು. ವಲಸೆ ಬಂದವರು ತಮ್ಮ ಮನೆಮಾತಿನಲ್ಲಿ ದೇವರನ್ನು ಕರೆಯುವುದು ನ್ಯಾಯವೇ. ಆದರೆ ಊರಿನ ಹೆಸರು ಹೊತ್ತವರ ಮೇಲೆ ಊರಿನ ಮಾತಿನ ಋಣವೂ ಇರುತ್ತದೆ. ಕನ್ನಡ ವಿಭಾಗಗಳೂ ಈ ಸಾಹಿತ್ಯವನ್ನು ಪರಮತದ ಸರಕೆಂದು ಹೊರಗಿಡುವುದು ಸಲ್ಲದು. ಜೈನರ ಪುರಾಣವನ್ನೂ ಶರಣರ ವಚನವನ್ನೂ ಮತ ನೋಡದೆ ಓದುವ ನಾವು ಕ್ರೈಸ್ತರ ಗದ್ಯಕ್ಕೆ ಬೇರೆ ತಕ್ಕಡಿ ಹಿಡಿಯುವುದೇಕೆ?

ನನ್ನ ಬೇಡಿಕೆ ದೊಡ್ಡದೇನಲ್ಲ. ಸಭಾನಾಯಕರಿಗಾಗಿ ಬರೆದ ಪುಸ್ತಕವನ್ನು ಅಚ್ಚಿಗೆ ಕೊಡುವ ಮುನ್ನ ಹಳ್ಳಿಯೊಂದರಲ್ಲಿ ನಾಲ್ಕು ಜನರ ಮುಂದೆ ಗಟ್ಟಿಯಾಗಿ ಓದಿ. ಓದು ಬಾರದ ಒಬ್ಬ ಮುದುಕಿ ಅಲ್ಲಿ ಕೂತಿರಲಿ. ಎಲ್ಲಿ ಅವಳು ತಲೆದೂಗುತ್ತಾಳೋ ಅದನ್ನು ಉಳಿಸಿ; ಎಲ್ಲಿ "ಏನಂದ್ರಿ ಸ್ವಾಮಿ?" ಎನ್ನುತ್ತಾಳೋ ಅದನ್ನು ಹೊಡೆದುಹಾಕಿ. ಅರ್ಧ ಪುಸ್ತಕವೇ ಹೋದರೂ ಚಿಂತೆಯಿಲ್ಲ. ಉಳಿದರ್ಧ ಸಾವಿನ ಮನೆಯಲ್ಲಿ ಕೆಲಸಕ್ಕೆ ಬರುತ್ತದೆ.