ಗಿರಾಕಿಯ ಗುರುತು ಪಿನ್‌ಕೋಡೇ?

ಕಳೆದ ತಿಂಗಳು ನಮ್ಮ ಡೊಂಬಿವಲಿಯ ಕಟ್ಟಡದ ಅಜ್ಜಿಯೊಬ್ಬರು ಮೊಬೈಲ್ ಹಿಡಿದುಕೊಂಡು ಬಂದರು. "ಇದರಲ್ಲಿ ಏನು ಬರೆದಿದ್ದಾರೆ, ಓದಿ ಹೇಳು ಮಾರಾಯ." ಬ್ಯಾಂಕಿನ ಸಂದೇಶ, ಇಂಗ್ಲಿಷಿನಲ್ಲಿ. ಅಜ್ಜಿ ಈ ಊರಿಗೆ ಬಂದು ನಲವತ್ತು ವರ್ಷವಾಯಿತು. ಭಾಜಿ ಮಾರುವವನೊಡನೆ ಮರಾಠಿಯಲ್ಲಿ ಚೌಕಾಶಿಗೆ ನಿಂತರೆ ಸೋಲುವವನು ಅವನೇ. ಆದರೆ ಓದಲು ಬರುವುದು ಕನ್ನಡ ಮಾತ್ರ. ಹೀಗಾಗಿ ಅವರ ಖಾತೆಯ ಗುಪ್ತಸಂಖ್ಯೆ ಇರುವುದು ಮೊಮ್ಮಗನ ಬಾಯಲ್ಲಿ. ಇದಕ್ಕೆ ನಾವಿಟ್ಟ ಹೆಸರು ಡಿಜಿಟಲ್ ಪ್ರಗತಿ!

ಮಾರುಕಟ್ಟೆ ಶಾಸ್ತ್ರದ ವಿದ್ವಾಂಸೆ ಲೀಸಾ ಪೆನ್ಯಲೋಜಾ 1994ರಲ್ಲಿ, ಅಮೆರಿಕಕ್ಕೆ ವಲಸೆ ಹೋದ ಮೆಕ್ಸಿಕನ್ನರ ಕೊಳ್ಳುವ ರೀತಿಯನ್ನು ಅಭ್ಯಸಿಸಿ ಬರೆದರು: ವಲಸಿಗರು ಹೊಸ ನಾಡಿನದು ಕೆಲವನ್ನು ಒಪ್ಪುತ್ತಾರೆ, ತಮ್ಮದು ಕೆಲವನ್ನು ಉಳಿಸಿಕೊಳ್ಳುತ್ತಾರೆ, ಕೆಲವಕ್ಕೆ ಎದುರು ನಿಲ್ಲುತ್ತಾರೆ. ಇದನ್ನು ತಿಳಿಯಲು ನಮಗೆ ಅಮೆರಿಕ ಬೇಕಾಗಿರಲಿಲ್ಲ; ಕಲ್ಯಾಣದ ನಮ್ಮವರ ಅಡುಗೆಮನೆಯಲ್ಲಿ ಕುಚ್ಚಲಕ್ಕಿಯ ಪಕ್ಕದಲ್ಲೇ ಗೋಡಾ ಮಸಾಲೆ ಇದೆ. ಆದರೆ ವ್ಯಾಪಾರದ ಲೆಕ್ಕಕ್ಕೆ ಈ ಎರಡು ಡಬ್ಬಿ ಕಾಣುವುದಿಲ್ಲ, ಪಿನ್‌ಕೋಡ್ ಮಾತ್ರ ಕಾಣುತ್ತದೆ.

ಬ್ಯಾಂಕಿನ ಫಲಕಗಳಿಗೆ ತ್ರಿಭಾಷಾ ನಿಯಮವಿದೆ: ಹಿಂದಿ, ಇಂಗ್ಲಿಷ್, ಪ್ರಾದೇಶಿಕ ಭಾಷೆ. ಠಾಣೆಯಲ್ಲಿ ಅದು ಮರಾಠಿ. ಸರಿಯೇ, ಈ ನೆಲದ ಭಾಷೆಗೆ ಮೊದಲ ಹಕ್ಕು; ಅನ್ನ ಕೊಟ್ಟ ನಾಡಿನೊಡನೆ ನನಗೆ ತಕರಾರಿಲ್ಲ. ಫಲಕಕ್ಕೆ ಜಾಗವೂ ಕಡಮೆ. ಆದರೆ ಮೊಬೈಲಿನೊಳಗೆ ಇನ್ನೊಂದು ಭಾಷೆ ಇಟ್ಟರೆ ಪಗಡಿ ಕೊಡಬೇಕೆ? ಯೂನಿಕೋಡಿನಲ್ಲಿ 1991ರಿಂದ ಕನ್ನಡ ಅಕ್ಷರವಿದೆ. 2011ರ ಜನಗಣತಿಯಂತೆ ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 10 ಲಕ್ಷ. ಇವರೇನು ಗಿರಾಕಿಗಳಲ್ಲವೆ?

"ಮನೆಯ ಹುಡುಗರು ನೋಡಿಕೊಳ್ಳುತ್ತಾರೆ ಬಿಡಿ" ಎನ್ನುವವರಿದ್ದಾರೆ. ಹುಡುಗರು ಬೆಳಗಿನ ಫಾಸ್ಟ್ ಲೋಕಲ್ ಹಿಡಿದು ಹೋದ ಮೇಲೆ, ಮೋಸಗಾರನ ಫೋನು ಬರುವುದು ಮಧ್ಯಾಹ್ನಕ್ಕೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿದಾಗ, ಎರಡಾಣೆಗಾಗಿ ಏಜೆಂಟನೇ ಬಾಗಿಲಿಗೆ ಬರುತ್ತಿದ್ದ, ಮನೆಯವರ ಮಾತಿನಲ್ಲೇ ಮಾತಾಡುತ್ತಿದ್ದ. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆ ಬುದ್ಧಿ ಎಲ್ಲಿ ವಿಲೀನವಾಯಿತೋ!

ಡಿಜಿಟಲ್ ಸೇವೆ ದೊರಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಹೇಳಿದೆ. ಮೊರೆಯಿಟ್ಟವರು ಆಸಿಡ್ ದಾಳಿಗೆ ತುತ್ತಾದವರು, ಕಣ್ಣು ಕಾಣದವರು. ಅವರು ಕೇಳಿದರು, ಪಡೆದರು. ನಾವು ಏನು ಕೇಳಿದ್ದೇವೆ?

ಕೇಳುವುದಿರಲಿ, ಕೊಟ್ಟದ್ದನ್ನೂ ನಾವು ಮುಟ್ಟಿಲ್ಲ. ಭೀಮ್‌ನಂಥ ಪಾವತಿ ಆ್ಯಪ್‌ನಲ್ಲಿ ಕನ್ನಡವಿದೆ. ನವೆಂಬರಿನಲ್ಲಿ ವೇದಿಕೆಯ ಮೇಲೆ ಗುಡುಗುವ, ವಾಶಿ-ನೆರೂಲಿನ ಮಹನೀಯರ ಮೊಬೈಲು ತೆರೆದು ನೋಡಿ: ಇಂಗ್ಲಿಷ್. ನಮ್ಮ ಸಂಘದ ವಾಟ್ಸಾಪ್ ಸೂಚನೆ ಕೂಡ ರೋಮನ್ ಲಿಪಿಯಲ್ಲಿ (ಕಾರ್ಯದರ್ಶಿಗಳು ಕ್ಷಮಿಸಬೇಕು). ಯಾರೂ ಒತ್ತದ ಗುಂಡಿಯನ್ನು ಯಾವ ಕಂಪೆನಿ ಎಷ್ಟು ದಿನ ಉಳಿಸೀತು?

ಅಜ್ಜಿಯ ಮೊಬೈಲನ್ನು ಅಂದೇ ಕನ್ನಡಕ್ಕೆ ತಿರುಗಿಸಿದೆ. ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದಿದರು. ಬ್ಯಾಂಕಿನ ಸಂದೇಶ ಮಾತ್ರ ಇನ್ನೂ ಇಂಗ್ಲಿಷಿನಲ್ಲೇ ಬರುತ್ತಿದೆ. ಅದನ್ನು ಕನ್ನಡದಲ್ಲಿ ಕಳಿಸಿರೆಂದು ಮರಾಠಿಯಲ್ಲಿ ಅರ್ಜಿ ಬರೆದು, ಅಜ್ಜಿಯ ಕನ್ನಡ ಸಹಿ ಹಾಕಿಸಿ ಶಾಖೆಗೆ ಕೊಟ್ಟು ಬಂದಿದ್ದೇವೆ. ನಿಮ್ಮ ಮನೆಯಿಂದಲೂ ಒಂದು ಹೋಗಲಿ.